ವಿಜಾಪುರದ ರಾಣಿ ಕಾಯ್ದ ಕೋಟೆ

ಊರಿನಿಂದ ನೆಂಟರು ಬಂದರೆ ಪುಣೆಯ ಕನ್ನಡಿಗರಾದ ನಾವು ಅವರನ್ನು ಶನಿವಾರವಾಡೆಗೂ ಸಿಂಹಗಡಕ್ಕೂ ಕರೆದೊಯ್ಯುವುದು ವಾಡಿಕೆ. ಇಲ್ಲಿಂದ ಸುಮಾರು 120 ಕಿಲೋಮೀಟರ್ ದೂರದ ಅಹಮದನಗರಕ್ಕೆ ಹೋಗುವವರು ಕಡಿಮೆ. 2024ರಿಂದ ಅದಕ್ಕೆ ಅಹಿಲ್ಯಾನಗರವೆಂದು ಹೆಸರು. ಕಳೆದ ದಸರೆಯ ರಜೆಯಲ್ಲಿ ನಾವು ಮನೆಮಂದಿಯೆಲ್ಲ ಅಲ್ಲಿಗೆ ಹೋಗಿಬಂದೆವು. ಮಗನಿಗೆ ಅಲ್ಲಿನ ಯುದ್ಧ ಟ್ಯಾಂಕುಗಳನ್ನು ನೋಡುವ ಹಂಬಲ. ನನಗೆ ಕೋಟೆಯ ಮೇಲೆ ಕಣ್ಣು.

ಬೆಟ್ಟದ ದುರ್ಗಗಳನ್ನು ಕಂಡವರಿಗೆ ಈ ಕೋಟೆ ವಿಚಿತ್ರವೆನಿಸುತ್ತದೆ. ಬಯಲಿನಲ್ಲಿ ದುಂಡಗೆ ನಿಂತಿದೆ. ಸುತ್ತಲೂ ಅಗಲವಾದ ಕಂದಕ. ಹುಸೇನ ನಿಜಾಮಶಹನು 1559ರಿಂದ ಮೂರು ನಾಲ್ಕು ವರ್ಷಗಳಲ್ಲಿ ಇದನ್ನು ಕಲ್ಲಿನಿಂದ ಕಟ್ಟಿಸಿದನು. ಅವನ ಮಗಳೇ ಚಾಂದಬೀಬಿ. ವಿಜಾಪುರದ ಅಲಿ ಆದಿಲಶಹನ ಕೈಹಿಡಿದು ನಮ್ಮ ನಾಡಿನ ಸೊಸೆಯಾದವಳು. ವಿಜಾಪುರದ ಚಾಂದ ಬಾವಡಿಗೆ ಅವಳದೇ ಹೆಸರು. 1580ರಲ್ಲಿ ಪತಿ ತೀರಿಕೊಂಡ ಮೇಲೆ ಬಾಲಕ ಇಬ್ರಾಹಿಮನ ಪರವಾಗಿ ರಾಜ್ಯಭಾರ ನೋಡಿದಳು.

1595ರಲ್ಲಿ ಅಕಬರನ ಮಗ ಮುರಾದನು ಅವಳ ತವರಿಗೆ ಮುತ್ತಿಗೆ ಹಾಕಿದಾಗ ಈ ಕೋಟೆಯನ್ನು ಕಾಯಲು ನಿಂತವಳೂ ಅವಳೇ. ಮದ್ದಿನ ಸುರಂಗ ಸಿಡಿದು ಗೋಡೆ ಬಿರಿದಾಗ ಕತ್ತಿ ಹಿಡಿದು ಆ ಒಡಕಿನಲ್ಲಿಯೇ ನಿಂತಳು. ಬೆಳಗಾಗುವುದರೊಳಗೆ ಒಡಕು ಮುಚ್ಚಿತ್ತು. ಆದರೆ 1600ರಲ್ಲಿ ಅವಳನ್ನು ಕೊಂದವರು ಹೊರಗಿನ ಶತ್ರುಗಳಲ್ಲ, ಕೋಟೆಯೊಳಗಿನ ತನ್ನವರೇ. ಅದೇ ವರ್ಷ ಕೋಟೆ ಮೊಗಲರ ಕೈಸೇರಿತು.

ಇದೇ ಗೋಡೆಗಳೊಳಗೆ 1942ರ ಆಗಸ್ಟಿನಲ್ಲಿ ನೆಹರೂ, ಪಟೇಲ, ಆಜಾದ ಮೊದಲಾದವರನ್ನು ಬ್ರಿಟಿಷರು ಸೆರೆಯಿಟ್ಟರು. ನೆಹರೂ ಅವರು ‘ಡಿಸ್ಕವರಿ ಆಫ್ ಇಂಡಿಯಾ’ ಬರೆದದ್ದು ಇಲ್ಲಿಯೇ. ಅವರಿದ್ದ ಕೋಣೆಯನ್ನು ಸ್ಮಾರಕವಾಗಿ ಕಾಪಾಡಿದ್ದಾರೆ. ಕೋಟೆ ಸೈನ್ಯದ ವಶದಲ್ಲಿರುವುದರಿಂದ ಹೋಗುವವರು ಗುರುತಿನ ಚೀಟಿಯನ್ನು ಮರೆಯಬಾರದು.

ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡು ಟ್ಯಾಂಕು ಸಂಗ್ರಹಾಲಯಕ್ಕೆ ನಡೆದೆವು. ಸೇನೆಯ ಟ್ಯಾಂಕುದಳದ ಶಿಕ್ಷಣ ಕೇಂದ್ರದವರು 1994ರಲ್ಲಿ ತೆರೆದದ್ದು ಇದು. ಉಕ್ಕಿನ ಕವಚ ತೊಟ್ಟ ಹಳೆಯ ರೋಲ್ಸ್ ರಾಯ್ಸ್ ಮೋಟಾರು, ಬ್ರಿಟಿಷರ ಮಟಿಲ್ಡಾ, ಚರ್ಚಿಲ್, ನಮ್ಮ ವಿಜಯಂತ, ಪಾಕಿಸ್ತಾನದಿಂದ ವಶಪಡಿಸಿಕೊಂಡ ಪ್ಯಾಟನ್, ಹೀಗೆ ಸುಮಾರು ಐವತ್ತು ವಾಹನಗಳು ಮರಗಳ ನಡುವೆ ಸಾಲಾಗಿ ನಿಂತಿವೆ. ಎಣಿಸುತ್ತ ಓಡುತ್ತಿದ್ದ ಮಗ ಪ್ಯಾಟನ್ ಮುಂದೆ ಗಕ್ಕನೆ ನಿಂತು, “ಅಪ್ಪಾ, ಇದರಾಗ ಇದ್ದವರು ಏನಾದರು?” ಎಂದು ಕೇಳಿದ.

ಶತ್ರುವಿನ ಟ್ಯಾಂಕು ಎಂದು ಹೇಳಿ ಮುಗಿಸುವಂತಿರಲಿಲ್ಲ. ನಮ್ಮ ಪುಣೆಯಲ್ಲಿಯೇ ಹುಟ್ಟಿದ ಅರುಣ ಖೇತ್ರಪಾಲರ ಕಥೆ ಹೇಳಿದೆ. ಪೂನಾ ಹಾರ್ಸ್ ದಳದ ಅವರು 1971ರ ಡಿಸೆಂಬರ್ 16ರಂದು ಬಸಂತರದ ಕಾಳಗದಲ್ಲಿ, ಟ್ಯಾಂಕಿಗೆ ಬೆಂಕಿ ಹತ್ತಿದರೂ ಬಿಟ್ಟಿಳಿಯಲು ಒಪ್ಪದೆ ಹೋರಾಡಿ ಮಡಿದರು. ಆಗ ವಯಸ್ಸು ಬರೇ 21. ಮರಣಾನಂತರ ಪರಮವೀರಚಕ್ರ ಬಂತು. ಕೇಳಿ ಮಗ ಸುಮ್ಮನಾದ. ಆಮೇಲೆ ಎಣಿಸಲಿಲ್ಲ.

ಕಲ್ಲಾಗಲಿ ಉಕ್ಕಾಗಲಿ ತಾನಾಗಿ ಯಾರನ್ನೂ ಕಾಯುವುದಿಲ್ಲ. ಕಾಯುವವರು ಒಳಗಿನ ಮನುಷ್ಯರು, ಅದಕ್ಕೆ ಬೆಲೆ ತೆರುವವರೂ ಅವರೇ. ಮಕ್ಕಳಿಗೆ ತೋಪು ತೋರಿಸುವಾಗ ಇಷ್ಟನ್ನು ಹೇಳದಿದ್ದರೆ ತೋರಿಸಿ ಫಲವೇನು?

ಮುಂದಿನ ಸಲ ಊರಿಗೆ ಹೋದಾಗ ಚಾಂದ ಬಾವಡಿಯನ್ನು ತೋರಿಸಬೇಕೆಂದು ಮಗ ಮರಳುವ ಬಸ್ಸಿನಲ್ಲಿಯೇ ನನ್ನಿಂದ ಮಾತು ತೆಗೆದುಕೊಂಡ.