ಯಾರೋ ನೋಡುತ್ತಿದ್ದಾರೆಂದು ನಮಾಜ್ ಚೆಂದವಾದರೆ? ಇಸ್ಲಾಂ ಎಚ್ಚರಿಸುವ 'ಗುಪ್ತ ಶಿರ್ಕ್' ಇದೇ

ಪುಣೆಯ ಕಾತ್ರಜ ಘಾಟ್ ದಾಟಿ ಸಾತಾರಾ ಕಡೆಗೆ ಹೊರಟರೆ ಖೇಡ್ ಶಿವಾಪುರದಲ್ಲಿ ಖಮರ್ ಅಲಿ ದರ್ವೇಶ್ ದರ್ಗಾ ಸಿಗುತ್ತದೆ. 11 ಮಂದಿ ಸಂತರ ಹೆಸರು ಕೂಗುತ್ತಾ ಬೆರಳ ತುದಿಯಲ್ಲಿ ಭಾರದ ಕಲ್ಲೆತ್ತುವ ಪದ್ಧತಿಯಿಂದ ಇದು ಹೆಸರುವಾಸಿ. ದರ್ಗಾಗಳಲ್ಲಿ ಹರಕೆ ಹೊರುವುದು ಶಿರ್ಕ್, ಅಂದರೆ ಅಲ್ಲಾಹನ ಜತೆ ಇನ್ನೊಬ್ಬರನ್ನು ಸೇರಿಸಿದಂತೆಯೇ ಎಂಬ ಬಗ್ಗೆ ಮುಸ್ಲಿಂ ವಿದ್ವಾಂಸರಲ್ಲಿ ಹಳೆಯ ಭಿನ್ನಾಭಿಪ್ರಾಯವಿದೆ.

ಆದರೆ ಎರಡೂ ಬಣದವರು ತಕರಾರಿಲ್ಲದೆ ಒಪ್ಪುವ ಇನ್ನೊಂದು ಶಿರ್ಕ್ ಇದೆ. ಅದೇ 'ರಿಯಾ', ಜನ ನೋಡಲಿ ಎಂದು ಮಾಡುವ ಆರಾಧನೆ.

ಇಬ್ನ್ ಮಾಜಾ ಹದೀಸ್ ಸಂಗ್ರಹದಲ್ಲಿ ಪ್ರವಾದಿ ಮುಹಮ್ಮದ್ ಅವರು ಕೊಟ್ಟ ಉದಾಹರಣೆ ತೀರಾ ಸರಳ. ನಮಾಜ್‌ಗೆ ನಿಂತವನು ಯಾರೋ ಗಮನಿಸುತ್ತಿದ್ದಾರೆಂದು ತಿಳಿದು ಅದನ್ನು ಇನ್ನಷ್ಟು ಅಚ್ಚುಕಟ್ಟು ಮಾಡುತ್ತಾನೆ, ಅಷ್ಟೇ. ದಜ್ಜಾಲನಿಗಿಂತಲೂ ಇದು ಹೆಚ್ಚು ಭಯಪಡಬೇಕಾದದ್ದು ಎನ್ನುತ್ತದೆ ಆ ಹದೀಸ್. ಇದು ಧರ್ಮದಿಂದಲೇ ಹೊರಹಾಕುವ ಪಾಪವಲ್ಲ, 'ಸಣ್ಣ ಶಿರ್ಕ್'. ಆದರೂ ಮಾಡಿದ ಕರ್ಮದ ಪುಣ್ಯ ಕೈತಪ್ಪುತ್ತದೆ. ಸಹೀಹ್ ಮುಸ್ಲಿಂ ಪ್ರಕಾರ ಅಂತ್ಯದಿನ ಮೊದಲು ವಿಚಾರಣೆಗೆ ನಿಲ್ಲುವವರಲ್ಲಿ ಹೆಸರಿಗಾಗಿ ದುಡಿದ ಹುತಾತ್ಮ, ವಿದ್ವಾಂಸ, ದಾನಿ ಇದ್ದಾರೆ. ಕಳ್ಳಕಾಕರಲ್ಲ!

ಹಾಗಾದರೆ ರಂಜಾನ್ ಕಿಟ್ ಹಂಚಿ ಫೋಟೊ ಹಾಕುವುದು ತಪ್ಪೇ? ಬಹಿರಂಗ ದಾನವೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ಕೊಡುವುದು ಇನ್ನೂ ಉತ್ತಮ ಎಂಬುದು ಕುರ್‌ಆನ್‌ನ 2ನೇ ಅಧ್ಯಾಯದ ನಿಲುವು. ಜನರಿಗೆ ಅಂಜಿ ಸತ್ಕರ್ಮ ಬಿಡುವುದೂ ರಿಯಾ ಎಂದಿದ್ದರು 8ನೇ ಶತಮಾನದ ಫುದೈಲ್ ಬಿನ್ ಇಯಾದ್. ಇಲ್ಲಿ ಅಳತೆಗೋಲು ನಿಯತ್ತು. ಅದು ಮಾಡಿದವನಿಗಷ್ಟೇ ಗೊತ್ತು. ಪಕ್ಕದವರ ಪೋಸ್ಟ್ ನೋಡಿ ತೀರ್ಪು ಕೊಡಲಾಗದು.

ಇದಕ್ಕೆ ಹದೀಸ್‌ಗಳಲ್ಲೇ ಒಂದು ದಾರಿಯಿದೆ. ಕಡ್ಡಾಯ ನಮಾಜ್ ಮಸೀದಿಯಲ್ಲಿ, ಉಳಿದದ್ದು ಯಾರೂ ಕಾಣದ ಮನೆಯೊಳಗೆ.