ವರದೊಳಗಿನ ಬಿರುಕು

ಪುರಾಣವನ್ನು ಆಧರಿಸಿದ ಮಕ್ಕಳ ಸಾಹಸ ಕಾದಂಬರಿಗೆ ಸ್ವಾರಸ್ಯ ಎಲ್ಲಿಂದ ಬರುತ್ತದೆ? ಮಾಯೆಯಿಂದ ಎಂದು ನೀವು ಹೇಳಬಹುದು. ಆದರೆ ಮಾಯೆಗೆ ಕಟ್ಟುಪಾಡಿಲ್ಲದಿದ್ದರೆ ಕಥೆಯೇ ಹುಟ್ಟದು. ಹಿರಣ್ಯಕಶಿಪುವಿನ ವರವನ್ನು ನೋಡಿರಿ. ಹಗಲಾಗಲಿ ಇರುಳಾಗಲಿ, ಒಳಗಾಗಲಿ ಹೊರಗಾಗಲಿ, ಮನುಷ್ಯನಿಂದಾಗಲಿ ಮೃಗದಿಂದಾಗಲಿ ಅವನಿಗೆ ಸಾವಿಲ್ಲ. ಅಷ್ಟು ಬಿಗಿಯಾದ ವರದಲ್ಲಿಯೂ ಸಂಜೆಯೆಂಬ, ಹೊಸ್ತಿಲೆಂಬ ಬಿರುಕು ಉಳಿದಿತ್ತು. ನರಸಿಂಹನು ಬಂದುದು ಆ ಬಿರುಕಿನಿಂದಲೇ.

ಇಂಡಿ ತಾಲೂಕಿನ ಹಳ್ಳಿಯೊಂದರಲ್ಲಿ ನಾನು ಈ ಕಥೆ ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಸರ, ಅಂವಾ ಸಂಜೀಕ ಹೊಸ್ತಿಲ ಹಂತೇಕ ಬರದ ಇದ್ದಿದ್ರ?" ಎಂದು ಕೇಳಿದನು. ಕಾದಂಬರಿಕಾರನು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಅದು! ನನಗಂತೂ ಉತ್ತರ ತೋಚಲಿಲ್ಲ.

'ಚಂದಮಾಮ'ದಲ್ಲಿ ಮಕ್ಕಳು ಓದುತ್ತಿದ್ದ ಬೇತಾಳನ ಕಥೆಗಳಲ್ಲಿಯೂ ಇದೇ ಕಟ್ಟುಪಾಡುಂಟು. ಉತ್ತರ ತಿಳಿದೂ ಸುಮ್ಮನಿದ್ದರೆ ರಾಜನ ತಲೆ ಸಿಡಿಯುತ್ತದೆ. ಬಾಯಿ ತೆರೆದರೆ ಬೇತಾಳವು ಮರಕ್ಕೇರುತ್ತದೆ.

ಇಂಥ ಕಾದಂಬರಿಗೆ ನಮ್ಮ ಸೀಮೆಯಲ್ಲಿ ನೆಲೆಯಿಲ್ಲವೆ? ತ್ರಿಪುರರೊಡನೆ ಕಾದಿ ದಣಿದ ಶಿವನ ಬೆವರೇ ಭೀಮೆಯಾಯಿತೆಂದು ಐತಿಹ್ಯವಿದೆ. ಆ ಭೀಮೆ ಇಂಡಿ, ಸಿಂದಗಿಗಳ ಮಗ್ಗುಲಲ್ಲಿಯೇ ಹರಿಯುತ್ತದೆ. ಬಾಗೇವಾಡಿ, ಮುದ್ದೇಬಿಹಾಳಗಳ ಕಡೆಗೆ ಕೃಷ್ಣೆಯಿದ್ದಾಳೆ, ಕರಿಮಣ್ಣಿನ ಡೋಣಿಯಿದೆ. ಹಲಸಂಗಿಯ ಮಧುರಚೆನ್ನರು, ಚಡಚಣದ ಸಿಂಪಿ ಲಿಂಗಣ್ಣನವರು ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಕಲೆಹಾಕಿದ್ದರಿಂದ 1931ರಲ್ಲಿ 'ಗರತಿಯ ಹಾಡು' ಹೊರಬಂದಿತು. ಅಜ್ಜಿಯರ ರಕ್ಕಸರೂ ನಾಗಲೋಕವೂ ಅಂಥದೇ ಕೈಗಳನ್ನು ಕಾಯುತ್ತಿವೆ. ಅಪರಿಚಿತ ಊರಿನ ಮಾಯಾಲೋಕವನ್ನೇ ಓದುವ ನಮ್ಮ ಮಗು, ಡೋಣಿಯ ನೀರು ಉಪ್ಪಾಗಲು ಯಾರ ಶಾಪ ಕಾರಣವಾಯಿತೆಂದು ಒಮ್ಮೆ ಕಲ್ಪಿಸಿ ಬರೆಯಲಿ. ಆ ಶಾಪದಲ್ಲಿಯೂ ಒಂದು ಬಿರುಕನ್ನು ಇಟ್ಟಿರಲಿ.