ಗುಂಗುರು ಕೂದಲು: ಸಿಕ್ಕು ಬಿಡಿಸೋಣ, ಭಯ ಬಿಡೋಣ



ನಮ್ಮ ಜತ್ತ, ಅಕ್ಕಲಕೋಟೆ ಕಡೆ ಎಷ್ಟೋ ಹೆಣ್ಣುಮಕ್ಕಳಿಗೆ ಗುಂಗುರು ಕೂದಲು ಇದೆ. ನೋಡಲಿಕ್ಕೆ ಬಲು ಚೆಂದ. ಆದರೆ ಬಾಚುವಾಗ ಕಣ್ಣಲ್ಲಿ ನೀರು! ಹಣಿಗೆ ಕಂಡ ಕೂಡಲೇ ಮಗಳು ಓಡಿ ಹೋಗುತ್ತಾಳೆ. ತಾಯಿಗೂ ಹೊಲದ ಕೆಲಸ. "ಇರಲಿ ಬಿಡು, ನಾಳೆ ಬಾಚಿದರಾಯ್ತು" ಅನ್ನುತ್ತಾಳೆ. ನಾಲ್ಕು ದಿನ ಬಿಟ್ಟರೆ ಸಿಕ್ಕು ಗಂಟಾಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಗಂಟು ಜಡೆಗಟ್ಟುತ್ತದೆ. ಆಗ ಯಾರೋ ಹೇಳುತ್ತಾರೆ: "ಜಡಿ ಬಂದದ. ದೇವಿ ಕರಿಯಾಕತ್ಯಾಳ. ಮುಟ್ಟಬ್ಯಾಡ್ರಿ."

ಇದು ನಿಜವೇ? ಬನ್ನಿರಿ, ತಿಳಿದುಕೊಳ್ಳೋಣ.

ಸಿಕ್ಕು ಯಾಕೆ ಆಗುತ್ತದೆ?

ಕೂದಲು ಹುಟ್ಟುವುದು ಚರ್ಮದ ಒಳಗಿನ ಸಣ್ಣ ಗುಳಿಯಲ್ಲಿ. ಗುಳಿ ನೆಟ್ಟಗಿದ್ದರೆ ಕೂದಲೂ ನೆಟ್ಟಗೆ. ಗುಳಿ ಬಾಗಿದ್ದರೆ ಕೂದಲು ಗುಂಗುರು. ಇದು ತಂದೆ-ತಾಯಿಯಿಂದ ಬರುವ ಗುಣ.

ಕೂದಲಿನ ಬುಡದಲ್ಲಿ ಚರ್ಮವೇ ಸ್ವಲ್ಪ ಜಿಡ್ಡು ಬಿಡುತ್ತದೆ. ನೆಟ್ಟಗಿನ ಕೂದಲಲ್ಲಿ ಆ ಜಿಡ್ಡು ತುದಿಯವರೆಗೆ ಇಳಿಯುತ್ತದೆ. ಸುರುಳಿ ಕೂದಲಲ್ಲಿ ಸುಲಭವಾಗಿ ಇಳಿಯುವುದಿಲ್ಲ. ಅದಕ್ಕೇ ತುದಿ ಒಣಗಿ ಒರಟಾಗುತ್ತದೆ. ಒರಟು ಕೂದಲು ಒಂದಕ್ಕೊಂದು ತೊಡರಿಕೊಳ್ಳುತ್ತದೆ.

ಇನ್ನೊಂದು ಮಾತು. ಸಾಮಾನ್ಯವಾಗಿ ನಮ್ಮ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಗುಂಗುರು ಕೂದಲಲ್ಲಿ ಉದುರಿದ ಕೂದಲು ಕೆಳಗೆ ಬೀಳದೆ ಸುರುಳಿಯಲ್ಲೇ ಉಳಿಯುತ್ತದೆ. ಬಾಚದಿದ್ದರೆ ಅದೇ ಗಂಟು ಕಟ್ಟುತ್ತದೆ. ಬೆವರು, ಧೂಳು, ಹೇನು ಸೇರಿದರೆ ಗಂಟು ಇನ್ನೂ ಗಟ್ಟಿ. ಕುರಿಯ ಉಣ್ಣೆ ಒದ್ದೆಯಾಗಿ ತಿಕ್ಕಾಡಿದರೆ ಹೇಗೆ ಗಂಟುಗಟ್ಟುತ್ತದೆ, ನೀವೇ ನೋಡಿದ್ದೀರಿ. ತಲೆಯ ಜಡೆಯೂ ಅಂಥದ್ದೇ.

ಹೀಗೆ ಬಾಚಿರಿ

1. ಒಣ ಕೂದಲನ್ನು ಬಾಚಬೇಡಿರಿ. ಸ್ವಲ್ಪ ಹಸಿ ಮಾಡಿ ಕೊಬ್ಬರಿ ಎಣ್ಣೆ ಹಚ್ಚಿರಿ. ಕಂಡೀಷನರ್ ಇದ್ದರೆ ಅದೂ ಆದೀತು. ಕೂದಲು ಜಾರುವಂತಿರಬೇಕು.

2. ಕೂದಲನ್ನು ನಾಲ್ಕು ಪಾಲು ಮಾಡಿರಿ. ಒಂದೊಂದೇ ಪಾಲು ಬಾಚಿರಿ.

3. ದೊಡ್ಡ ಗಂಟನ್ನು ಮೊದಲು ಬೆರಳಿನಿಂದ ಬಿಡಿಸಿರಿ. ಆಮೇಲೆ ಅಗಲ ಹಲ್ಲಿನ ಹಣಿಗೆ ಹಿಡಿಯಿರಿ.

4. ತುದಿಯಿಂದ ಸುರು ಮಾಡಿರಿ. ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬನ್ನಿರಿ. ಬುಡದಿಂದ ಎಳೆದರೆ ಎಲ್ಲ ಸಿಕ್ಕು ಕೆಳಗೆ ಒಂದೇ ಕಡೆ ಕೂಡುತ್ತದೆ.

5. ಗಂಟಿನ ಮೇಲೆ ಕೂದಲನ್ನು ಬಿಗಿಯಾಗಿ ಹಿಡಿಯಿರಿ. ಆಗ ಬುಡ ಜಗ್ಗುವುದಿಲ್ಲ, ನೋವೂ ಆಗುವುದಿಲ್ಲ.

6. ಬಾಚಿದ ಮೇಲೆ ಸಡಿಲವಾಗಿ ಹೆರಳು ಹಾಕಿರಿ. ಮಲಗುವಾಗಲೂ ಹೆರಳು ಇರಲಿ.

ತಲೆ ಎರೆಯುವಾಗ

ವಾರಕ್ಕೆ ಒಂದೆರಡು ಸಲ ಎರೆದರೆ ಸಾಕು. ಬಟ್ಟೆ ಸಾಬೂನು, ಸೋಡಾ ಬೇಡ. ಬೋರಿನ ಗಡಸು ನೀರಿನಲ್ಲಿ ಸಾಬೂನು ಸರಿಯಾಗಿ ನೊರೆ ಬಿಡುವುದಿಲ್ಲ. ಅದರ ಬಿಳಿ ಗಸಿ ಕೂದಲಿಗೆ ಅಂಟಿ ಒರಟಾಗುತ್ತದೆ. ಸೀಗೆಕಾಯಿ ಅಥವಾ ಶಾಂಪೂ ಒಳ್ಳೆಯದು. ಟವೆಲ್ಲಿನಿಂದ ಜೋರಾಗಿ ತಿಕ್ಕಬೇಡಿರಿ. ಹಳೆಯ ಮೆತ್ತನೆ ಸೀರೆಯ ತುಂಡಿನಿಂದ ಒತ್ತಿ ಒರೆಸಿರಿ.

ಜಡೆ ಆಗೇ ಬಿಟ್ಟಿದ್ದರೆ?

ಸಣ್ಣದಿದ್ದರೆ ಎಣ್ಣೆ ಹಚ್ಚಿ ನೆನೆಸಿರಿ. ದಿನಕ್ಕೆ ಸ್ವಲ್ಪ ಬಿಡಿಸಿರಿ. ಗಟ್ಟಿಯಾಗಿದ್ದರೆ, ಅವಳ ಒಪ್ಪಿಗೆ ಕೇಳಿ, ಕತ್ತರಿಸಿರಿ. ಉಗುರಿನ ತುದಿಯ ಹಾಗೆ ಕೂದಲಿಗೂ ಜೀವ ಇಲ್ಲ. ಕತ್ತರಿಸಿದರೆ ರಕ್ತ ಬರುವುದಿಲ್ಲ, ಕೇಡೂ ಆಗುವುದಿಲ್ಲ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಮತ್ತೆ ಬೆಳೆಯುತ್ತದೆ. ತಲೆಯಲ್ಲಿ ಹುಣ್ಣು ಇದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಜಡೆ ಹಾಗೇ ಬಿಟ್ಟರೆ ಅದರ ಭಾರಕ್ಕೆ ಕುತ್ತಿಗೆ ನೋವು, ಹೇನು, ತುರಿಕೆ ತಪ್ಪಿದ್ದಲ್ಲ.

ಅದಕ್ಕಿಂತ ದೊಡ್ಡ ಕೇಡು ಬೇರೆ ಇದೆ. ಜಡೆ ಬಂತೆಂದು ಹುಡುಗಿಯರನ್ನು ಶಾಲೆ ಬಿಡಿಸಿದ್ದಾರೆ, ದೇವರಿಗೆ ಬಿಟ್ಟಿದ್ದಾರೆ. ಒಂದು ಸಿಕ್ಕಿನಿಂದ ಇಡೀ ಬಾಳು ಹಾಳಾಗಿದೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದು ಅಪರಾಧ. ಕರ್ನಾಟಕದಲ್ಲಿ 1982ರ ಕಾಯ್ದೆ ಇದೆ. ಮಹಾರಾಷ್ಟ್ರದಲ್ಲಿ 2005ರ ಕಾಯ್ದೆ ಇದೆ. ಅಂಥ ಸುದ್ದಿ ಕಿವಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿರಿ. ಇದು ಮಕ್ಕಳ ಸಹಾಯವಾಣಿ. ಕರೆಗೆ ದುಡ್ಡಿಲ್ಲ.

ದೇವಿಯ ಮೇಲೆ ಭಕ್ತಿ ಇರಲಿ. ಜಾತ್ರೆಗೆ ಹೋಗಿರಿ, ಕಾಯಿ ಒಡೆಯಿರಿ. ಮಗಳ ತಲೆಯನ್ನು ಮಾತ್ರ ಬಾಚಿ ಕಳಿಸಿರಿ, ಶಾಲೆಗೆ ಕಳಿಸಿರಿ.

ಈ ಪಾಠವನ್ನು ಇವತ್ತು ಸಂಜೆ ನಿಮ್ಮ ಓಣಿಯ ಇಬ್ಬರಿಗೆ ಓದಿ ಹೇಳುವಿರಾ?